ರಿಮೋಟಿನಲ್ಲಿ ಅಕ್ಷರ ಇರುವೆಯಷ್ಟು, ಇಲ್ಲವೇ ಮಂಜು: ಸ್ಕೇಲಿಂಗ್ ದೋಷ ಎಲ್ಲಿದೆಯೆಂದು ಹಿಡಿಯುವ ಬಗೆ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ವಾರದಲ್ಲೇ ಬರುವ ದೂರು ಇದು. ಬದಿಯಡ್ಕದಲ್ಲೋ ಉಪ್ಪಳದಲ್ಲೋ ಕೂತು ಮಂಗಳೂರಿನ ಆಫೀಸಿನ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಹಳೆಯ ಲ್ಯಾಪ್‌ಟಾಪಿನಲ್ಲಿ ಯಾವ ತಕರಾರೂ ಇರಲಿಲ್ಲ. ಹೊಸದರಲ್ಲಿ ರಿಮೋಟ್, ಅಂದರೆ ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿ ತೋರಿಸುವ ಕಿಟಕಿ, ತೆರೆದರೆ ಮಾತ್ರ "ಅಕ್ಷರವೇ ಕಾಣುವುದಿಲ್ಲ ಮಾರಾಯ್ರೇ" ಎಂದು ಫೋನು. ಯಾರೋ ಹೇಳಿದರೆಂದು ರೆಸಲ್ಯೂಶನ್ (ಪರದೆಯ ಚುಕ್ಕಿಗಳ ಸಂಖ್ಯೆ) ಕಮ್ಮಿ ಮಾಡುತ್ತಾರೆ. ಅಕ್ಷರ ದೊಡ್ಡದಾಗುತ್ತದೆ, ಜತೆಗೆ ಮಂಜೂ ಕವಿಯುತ್ತದೆ. ಇನ್ಯಾರೋ ಹೇಳಿದರೆಂದು ಆಚೆಯ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್ ತಿರುಗಿಸಹೋದರೆ ಅದು ಬೂದು ಬಣ್ಣಕ್ಕೆ ತಿರುಗಿ ಕೈಗೆ ಸಿಗುವುದಿಲ್ಲ.

ಮುಂದೆ ‘ಈಚೆ’ ಎಂದರೆ ಕೈಯ ಕೆಳಗಿರುವ ಲ್ಯಾಪ್‌ಟಾಪ್. ‘ಆಚೆ’ ಎಂದರೆ ರಿಮೋಟಿನಲ್ಲಿ ತೆರೆಯುವ ಕಂಪ್ಯೂಟರು ಅಥವಾ ಸರ್ವರು. ಈ ಎರಡನ್ನು ಬೆರೆಸಿಕೊಂಡರೆ ಯಾವ ಸೆಟ್ಟಿಂಗೂ ಕೈಹತ್ತುವುದಿಲ್ಲ.

ಹಿಗ್ಗಿಸುವವರು ಯಾರು?

ಸ್ಕೇಲ್ ಅಂದರೆ ಪರದೆಯ ಅಕ್ಷರ, ಚಿತ್ರಗಳನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಅಳತೆ. ವಿಂಡೋಸಿಗೆ 100% ಸ್ಕೇಲ್ ಅಂದರೆ ಇಂಚಿಗೆ 96 ಚುಕ್ಕಿ ಎಂಬುದು ಹಳೆಯ ಲೆಕ್ಕ. 125% ಅಂದರೆ 120, 150% ಅಂದರೆ 144, 200% ಅಂದರೆ 192. ನಿಜವಾದ ಪರದೆಗಳು ಈ ಲೆಕ್ಕಕ್ಕೆ ಕಾಯುವುದಿಲ್ಲ. 24 ಇಂಚಿನ 1920×1080 ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್ ಇದ್ದರೆ, 14 ಇಂಚಿನ 2880×1800 ಲ್ಯಾಪ್‌ಟಾಪಿನಲ್ಲಿ 243, 15.6 ಇಂಚಿನ 4ಕೆ (3840×2160) ಪರದೆಯಲ್ಲಿ 282. 12 ಪಾಯಿಂಟಿನ ಅಕ್ಷರಕ್ಕೆ 100%ರಲ್ಲಿ ಸಿಗುವುದು 16 ಪಿಕ್ಸೆಲ್ ಎತ್ತರ. ಮೊದಲನೆಯ ಮಾನಿಟರಿನಲ್ಲಿ ಅದು 4.4 ಮಿಲಿಮೀಟರ್, 4ಕೆ ಲ್ಯಾಪ್‌ಟಾಪಿನಲ್ಲಿ 1.4 ಮಿಲಿಮೀಟರ್.

ಆದ್ದರಿಂದ ಯಾರಾದರೊಬ್ಬರು ಹಿಗ್ಗಿಸಲೇಬೇಕು. ಹಿಗ್ಗಿಸಬಲ್ಲವರು ಮೂವರು: ಆಚೆಯ ವಿಂಡೋಸ್, ಆಚೆ ಓಡುತ್ತಿರುವ ಪ್ರೋಗ್ರಾಂ, ಈಚೆಯ ರಿಮೋಟ್ ತಂತ್ರಾಂಶ. ಆಚೆಯಲ್ಲೇ ಅಕ್ಷರವನ್ನು ದೊಡ್ಡದಾಗಿ ಬರೆದರೆ ಅದು ಚೂಪಾಗಿ ಬರುತ್ತದೆ. ಬರೆದಾದ ಚಿತ್ರವನ್ನು ಆಮೇಲೆ ಎಳೆದು ದೊಡ್ಡದು ಮಾಡಿದರೆ ಮಂಜಾಗುತ್ತದೆ. ಯಾರೂ ಮಾಡದಿದ್ದರೆ ಇರುವೆ ಸಾಲು. ಇಬ್ಬಿಬ್ಬರು ಮಾಡಿದರೆ, ಅದೂ ಉಂಟು, ಸ್ಟಾರ್ಟ್ ಮೆನುವೇ ಅರ್ಧ ಪರದೆ ನುಂಗುತ್ತದೆ.

ಮೊದಲು ಒಂದು ಸ್ಕ್ರೀನ್‌ಶಾಟ್

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಈ ಪರೀಕ್ಷೆ ಮಾಡಿ. ಐದು ನಿಮಿಷದ ಕೆಲಸ, ಅರ್ಧ ದಿನದ ಅಲೆದಾಟ ಉಳಿಸುತ್ತದೆ.

ರಿಮೋಟಿನ ಒಳಗೆ, ಅಂದರೆ ಆಚೆಯ ಕಂಪ್ಯೂಟರಿನಲ್ಲಿ, ನೋಟ್‌ಪ್ಯಾಡ್ ತೆರೆದು ನಿರ್ಮಲಾ ಯುಐ ಫಾಂಟಿನಲ್ಲಿ ಹೀಗೊಂದು ಸಾಲು ಬರೆಯಿರಿ: ದ ಧ ಥ, ಪ ಫ ಷ, ಸ್ತ್ರೀ, ರಾಷ್ಟ್ರ, ತೀರ್ಥ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸುಕಾದರೂ ಓದಿಸಿಕೊಳ್ಳುತ್ತದೆ, ಕನ್ನಡ ಓದಿಸಿಕೊಳ್ಳುವುದಿಲ್ಲ. ದ ಎಂಬುದು ಧ ಆಗುವುದು ಅಡಿಯ ಒಂದು ಸಣ್ಣ ಸೀಳಿನಿಂದ. ಚಿತ್ರ ಎಳೆದಾಗ ಮೊದಲು ಮುಚ್ಚಿಹೋಗುವುದೇ ಆ ಸೀಳು. ಲೆಕ್ಕದ ಪುಸ್ತಕದಲ್ಲಿ ಧನ ಹೋಗಿ ದನ ಆಗುವುದು ಹೀಗೆ. ಒತ್ತಕ್ಷರಗಳು ಅದರ ಬೆನ್ನಿಗೇ ಹೋಗುತ್ತವೆ.

ಆಮೇಲೆ ಆಚೆಯ ಸ್ಟಾರ್ಟ್ ಮೆನುವಿನಿಂದಲೇ ಸ್ನಿಪ್ಪಿಂಗ್ ಟೂಲ್ ತೆರೆದು ಇಡೀ ಪರದೆಯ ಚಿತ್ರ ಹಿಡಿದು ಪಿಎನ್‌ಜಿಯಾಗಿ ಉಳಿಸಿ. ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಒತ್ತಬೇಡಿ. ರಿಮೋಟ್ ಪೂರ್ತಿ ಪರದೆಯಲ್ಲಿ ಇಲ್ಲದಾಗ ಅದು ಈಚೆಯ ಚಿತ್ರವನ್ನು ಹಿಡಿದು ಪರೀಕ್ಷೆಯನ್ನೇ ಕೆಡಿಸಬಹುದು. ಉಳಿಸಿದ ಫೈಲಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್: ಅಗಲ ಎತ್ತರ ಎಷ್ಟೆಂದು ಬರೆದುಕೊಳ್ಳಿ. ಚಿತ್ರವನ್ನು ಪೇಂಟಿನಲ್ಲಿ ತೆರೆದು 800% ಜೂಮ್ ಮಾಡಿ, ಅಕ್ಷರದ ಅಂಚು ನೋಡಿ.

ಅಂಚಿನಲ್ಲಿ ಒಂದೊಂದೇ ಪಿಕ್ಸೆಲಿನ ಚೊಕ್ಕ ಮೆಟ್ಟಿಲು ಕಂಡು, ಚಿತ್ರದ ಅಳತೆ ಈಚೆಯ ಪರದೆಯ ಅಳತೆಗೆ ಸಮವಾಗಿದ್ದರೆ ಎಳೆತ ಎಲ್ಲೂ ಆಗುತ್ತಿಲ್ಲ. ಸ್ಕೇಲ್ ಸಂಖ್ಯೆ ಆಚೆಗೆ ತಲುಪಿಲ್ಲ, ಅಷ್ಟೇ. ಮೆಟ್ಟಿಲು ಚೊಕ್ಕವಾಗಿದ್ದು ಅಳತೆ ಈಚೆಯ ಪರದೆಗಿಂತ ಕಮ್ಮಿ ಇದ್ದರೆ, ಉದಾಹರಣೆಗೆ 4ಕೆ ಲ್ಯಾಪ್‌ಟಾಪಿನ ಎದುರು 1366×768 ಬಂದರೆ, ಎಳೆಯುತ್ತಿರುವುದು ಈಚೆಯ ರಿಮೋಟ್ ತಂತ್ರಾಂಶ. ಸ್ಕ್ರೀನ್‌ಶಾಟಿನಲ್ಲೇ ಅಕ್ಷರದ ಅಂಚು ಎರಡು ಮೂರು ಪಿಕ್ಸೆಲ್ ಬೂದಾಗಿ ಹರಡಿಕೊಂಡಿದ್ದರೆ ದೋಷ ಆಚೆಯ ಪ್ರೋಗ್ರಾಮಿನದ್ದು; ಈಚೆ ಎಷ್ಟು ತಿರುಗಿಸಿದರೂ ಸರಿಯಾಗುವುದಿಲ್ಲ.

ಸ್ಕೇಲಿಂಗಿಗೆ ಸಂಬಂಧವೇ ಇಲ್ಲದ ಎರಡು ಮೂರು ತೊಂದರೆಗಳೂ ಇದೇ ವೇಷದಲ್ಲಿ ಬರುತ್ತವೆ. ಮೌಸ್ ಮುಟ್ಟದೆ ಐದು ಸೆಕೆಂಡ್ ಸುಮ್ಮನಿದ್ದಾಗ ಮಂಜು ತಾನಾಗಿ ತಿಳಿಯಾದರೆ ಅದು ಇಂಟರ್ನೆಟ್ ಸಾಲದ್ದರಿಂದ: ಮೊದಲು ಒರಟು ಚಿತ್ರ ಬಂದು ಮತ್ತೆ ತುಂಬಿಕೊಳ್ಳುತ್ತದೆ. ಮಳೆಗಾಲದಲ್ಲಿ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರು ಇದನ್ನು ಸ್ಕೇಲಿಂಗ್ ಎಂದು ತಪ್ಪು ತಿಳಿಯುವುದು ಜಾಸ್ತಿ. ಅಕ್ಷರ ಮಂಜಾಗದೆ ಗರಗಸದ ಹಲ್ಲಿನ ಹಾಗೆ ಕಂಡರೆ, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ನಿನ (ವಿಂಡೋಸಿನದ್ದೇ ರಿಮೋಟ್ ತಂತ್ರಾಂಶ) ಎಕ್ಸ್‌ಪೀರಿಯೆನ್ಸ್ ಟ್ಯಾಬಿನಲ್ಲಿ ಫಾಂಟ್ ಸ್ಮೂದಿಂಗಿಗೆ ಟಿಕ್ ಇಲ್ಲ. ಕಪ್ಪು ಅಕ್ಷರ ಚೆನ್ನಾಗಿದ್ದು ಕೆಂಪು, ನೀಲಿ ಅಕ್ಷರ ಮಾತ್ರ ಕಲಸಿಹೋದರೆ ವಿಡಿಯೋ ಎನ್‌ಕೋಡಿಂಗ್ ಬಣ್ಣದ ಮಾಹಿತಿಯನ್ನು ಕಮ್ಮಿ ಮಾಡಿ ಕಳಿಸುತ್ತಿದೆ. ಆಚೆ ವಿಂಡೋಸ್ 10 ಅಥವಾ ಸರ್ವರ್ 2016 ಮತ್ತು ನಂತರದ್ದು ಇದ್ದರೆ ಗ್ರೂಪ್ ಪಾಲಿಸಿಯ (ಅಡ್ಮಿನ್ ಹಾಕುವ ನಿಯಮಗಳ ಪಟ್ಟಿ) ರಿಮೋಟ್ ಸೆಷನ್ ಎನ್ವಿರಾನ್‌ಮೆಂಟ್ ಭಾಗದಲ್ಲಿ ಬಣ್ಣವನ್ನು ಪೂರ್ತಿ ಕಳಿಸುವ ಎವಿಸಿ 444 ವಿಧಾನಕ್ಕೆ ಆದ್ಯತೆ ಕೊಡುವ ಪಾಲಿಸಿಯನ್ನು ಎನೇಬಲ್ ಮಾಡಿ.

ಚೂಪಾಗಿದೆ, ಆದರೆ ಇರುವೆ ಸಾಲು

ಇಲ್ಲಿ ನಡೆಯಬೇಕಾದ್ದು ಇಷ್ಟು: ಸಂಪರ್ಕ ಸಾಧಿಸುವಾಗ ಈಚೆಯ ತಂತ್ರಾಂಶ ‘ನನ್ನ ಪರದೆ 3840×2160, ಸ್ಕೇಲ್ 250%’ ಎಂದು ಆಚೆಗೆ ತಿಳಿಸಬೇಕು, ಆಚೆ ಅದನ್ನು ಒಪ್ಪಿ ಅಷ್ಟಕ್ಕೇ ಅಕ್ಷರ ಬರೆಯಬೇಕು. ಈ ವ್ಯವಹಾರ ವಿಂಡೋಸ್ 8.1 ಮತ್ತು ಸರ್ವರ್ 2012 ಆರ್2 ಮತ್ತು ಅವುಗಳ ನಂತರದ ಆವೃತ್ತಿಗಳಲ್ಲಿ ಉಂಟು. ಸೆಷನ್ನಿನ (ಲಾಗಿನ್ ಆದಾಗಿನಿಂದ ಸೈನ್ ಔಟ್ ಆಗುವವರೆಗೆ ಆಚೆ ನಡೆಯುವ ಕೆಲಸ) ಒಳಗೆ ಡಿಸ್‌ಪ್ಲೇ ಸೆಟ್ಟಿಂಗ್ ಬೂದಾಗಿರುವುದು ದೋಷವಲ್ಲ. ಸ್ಕೇಲ್ ನಿರ್ಧಾರವಾಗುವುದು ಈಚೆಯಲ್ಲಿ ಎಂಬುದಕ್ಕೆ ಅದೇ ಗುರುತು. ದೊಡ್ಡದು ಬೇಕೇ, ರಿಮೋಟ್ ಮುಚ್ಚಿ, ಈಚೆಯ ಲ್ಯಾಪ್‌ಟಾಪಿನ ಸ್ಕೇಲ್ ಬದಲಿಸಿ, ಮತ್ತೆ ಸಂಪರ್ಕಿಸಿ.

ಹಾಗೆ ಮಾಡಿಯೂ ಆಗಲಿಲ್ಲವೆಂದರೆ ಹತ್ತರಲ್ಲಿ ಏಳೆಂಟು ಸಲ ಕಾರಣ ಒಂದೇ: ಹಳೆಯ ಸೆಷನ್ ಇನ್ನೂ ಜೀವ ಹಿಡಿದುಕೊಂಡಿದೆ. ಮೇಲಿನ ನೀಲಿ ಪಟ್ಟಿಯ ಗುಣಾಕಾರ ಚಿಹ್ನೆ ಒತ್ತಿದರೆ ಆಗುವುದು ಡಿಸ್‌ಕನೆಕ್ಟ್ ಮಾತ್ರ. ಬಾಗಿಲು ಹಾಕಿದ ಹಾಗೆ. ಒಳಗೆ ದೀಪ ಉರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಆಫೀಸಿನ 100% ಮಾನಿಟರಿನ ಎದುರು ಕೂತು ಲಾಗಿನ್ ಆಗಿ, ಸಂಜೆ ಕುಂಬಳೆಯ ಮನೆಯಿಂದ 200% ಲ್ಯಾಪ್‌ಟಾಪಿನಲ್ಲಿ ಅದೇ ಸೆಷನ್ನಿಗೆ ಸೇರಿಕೊಂಡರೆ, ಟಾಸ್ಕ್‌ಬಾರು ಮತ್ತು ಹೊಸ ರೀತಿಯ ಪ್ರೋಗ್ರಾಂಗಳು ಹೊಸ ಅಳತೆಗೆ ಹೊಂದಿಕೊಳ್ಳುತ್ತವೆ. ಬಹಳಷ್ಟು ಪ್ರೋಗ್ರಾಂಗಳು ಸೈನ್ ಇನ್ ಆದಾಗಿನ ಸ್ಕೇಲನ್ನೇ ಹಿಡಿದು ಕೂರುತ್ತವೆ, ಅವನ್ನು ವಿಂಡೋಸ್ ಎಳೆದು ತೋರಿಸುತ್ತದೆ. ಒಂದೇ ಪರದೆಯಲ್ಲಿ ಒಂದು ಕಿಟಕಿ ಚೂಪು, ಪಕ್ಕದ್ದು ಮಂಜು ಎಂದಾಗುವುದು ಇದರಿಂದ.

ಪರಿಹಾರ: ಆಚೆಯ ಲೆಕ್ಕದ ತಂತ್ರಾಂಶವನ್ನು ಅದರ ಕ್ರಮದಲ್ಲೇ ಮುಚ್ಚಿ, ತೆರೆದ ಫೈಲು ಉಳಿಸಿ, ಸ್ಟಾರ್ಟ್ ಮೆನುವಿನಲ್ಲಿ ನಿಮ್ಮ ಹೆಸರಿನ ಮೇಲೆ ಒತ್ತಿ ಸೈನ್ ಔಟ್ ಕೊಡಿ. ಮತ್ತೆ ಈಚೆಯಿಂದ ಸಂಪರ್ಕಿಸಿ. ಸೈನ್ ಔಟ್ ನಿಜಕ್ಕೂ ಆಗಿದೆಯೇ ಎಂದು ನೋಡಬೇಕಾದರೆ ಸರ್ವರ್ ನೋಡಿಕೊಳ್ಳುವವರು ಟಾಸ್ಕ್ ಮ್ಯಾನೇಜರಿನ ಯೂಸರ್ಸ್ ಟ್ಯಾಬಿನಲ್ಲಿ ನೋಡಬಹುದು. ಹೆಸರಿನ ಎದುರು ಡಿಸ್‌ಕನೆಕ್ಟೆಡ್ ಎಂದಿದ್ದರೆ ಸೆಷನ್ ಇನ್ನೂ ಹೋಗಿಲ್ಲ.

ಸೈನ್ ಔಟ್ ಮಾಡಿಯೂ ಸರಿಹೋಗದಿದ್ದರೆ ಸರ್ವರಿನ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ನೋಡಿ. ಎಚ್‌ಕೆಎಲ್‌ಎಂ ಕೆಳಗೆ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟರ್ಮಿನಲ್ ಸರ್ವರ್, ವಿನ್‌ಸ್ಟೇಷನ್ಸ್ ಎಂಬಲ್ಲಿ ‘ಇಗ್ನೋರ್ ಕ್ಲೈಂಟ್ ಡೆಸ್ಕ್‌ಟಾಪ್ ಸ್ಕೇಲ್ ಫ್ಯಾಕ್ಟರ್’ ಎಂಬ ಹೆಸರು, ನಡುವೆ ಜಾಗವಿಲ್ಲದೆ ಒಂದೇ ಪದವಾಗಿ ಬರೆದದ್ದು, ಇದ್ದು ಅದರ ಬೆಲೆ 1 ಆಗಿದ್ದರೆ ಈಚೆಯಿಂದ ಬರುವ ಸ್ಕೇಲನ್ನು ಆಚೆ ಬೇಕೆಂದೇ ಕಡೆಗಣಿಸುತ್ತಿದೆ. ಸ್ಕೇಲ್ ಜಾಸ್ತಿಯಾದರೆ ಯಾವುದೋ ಹಳೆಯ ಪ್ರೋಗ್ರಾಮಿನ ಬಟನ್‌ಗಳು ಪರದೆಯ ಹೊರಗೆ ಹೋಗುತ್ತವೆ ಎಂದು ಯಾರಾದರೂ ಇದನ್ನು ಹಾಕಿಟ್ಟಿರುತ್ತಾರೆ. ಕೇಳದೆ ತೆಗೆಯಬೇಡಿ, ಉಳಿದವರ ಕೆಲಸ ಕೆಟ್ಟೀತು.

ರಿಮೋಟಿನೊಳಗೊಂದು ರಿಮೋಟ್ ತೆರೆಯುವವರು, ಮಂಗಳೂರಿನ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಗಲ್ಫಿನ ಸರ್ವರಿಗೆ ಹೋಗುವವರು ನಮ್ಮ ಕಡೆ ಕಮ್ಮಿಯಿಲ್ಲ, ಹೊರಗಿನಿಂದ ಒಳಕ್ಕೆ ಸರಿಮಾಡುತ್ತಾ ಹೋಗಬೇಕು. ಒಳಗಿನ ಸಂಪರ್ಕಕ್ಕೆ ಸಿಗುವುದು ಹೊರಗಿನ ಸೆಷನ್ನಿನ ಸ್ಕೇಲ್. ಹೊರಗಿನದ್ದು 100%ರಲ್ಲಿ ನಿಂತಿದ್ದರೆ ಒಳಗಿನದ್ದು ಅದಕ್ಕಿಂತ ಮೇಲೆ ಏಳುವುದಿಲ್ಲ.

ಆಚೆಯದ್ದು ವಿಂಡೋಸ್ 7 ಅಥವಾ ಅದೇ ಕಾಲದ ಸರ್ವರ್ ಆದರೆ

ಈಚೆಯ ಸ್ಕೇಲನ್ನು ಈ ಮುದಿ ಯಂತ್ರಗಳು ತಾವಾಗಿ ತೆಗೆದುಕೊಳ್ಳುವುದಿಲ್ಲ. (ವಿಂಡೋಸ್ 7ಕ್ಕೂ ಸರ್ವರ್ 2008 ಆರ್2ಗೂ ಸಾಮಾನ್ಯ ಸುರಕ್ಷಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ, ಅಂಥ ಯಂತ್ರ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದರೆ ಅಕ್ಷರದ ಗಾತ್ರ ನಿಮ್ಮ ಸಣ್ಣ ಚಿಂತೆ.) ಇಲ್ಲಿ ಉಳಿಯುವುದು ಈಚೆಯಲ್ಲಿ ಎಳೆಯುವ ದಾರಿ. ಅದನ್ನು ಲೆಕ್ಕ ಹಾಕಿ ಎಳೆಯಬೇಕು.

ಎಳೆತ ಸರಿಯಾಗಿ ಎರಡು ಪಟ್ಟು ಇದ್ದರೆ ಆಚೆಯ ಒಂದು ಪಿಕ್ಸೆಲಿಗೆ ಈಚೆ ನಾಲ್ಕು ಪಿಕ್ಸೆಲಿನ ಒಂದು ಚೌಕ ಸಿಗುತ್ತದೆ; ಅಕ್ಷರ ತಕ್ಕಮಟ್ಟಿಗೆ ನೆಟ್ಟಗೆ ಉಳಿಯುತ್ತದೆ. 1.4 ಪಟ್ಟು, 1.7 ಪಟ್ಟು ಎಳೆದರೆ ಕೆಲವು ಗೆರೆ ದಪ್ಪ, ಕೆಲವು ತೆಳು, ಅಂಚಿನಲ್ಲಿ ಕೆಂಪು ನೀಲಿ ಛಾಯೆ. ಆದ್ದರಿಂದ 3840×2160 ಪರದೆಗೆ 1920×1080, 2880×1800 ಪರದೆಗೆ 1440×900. ಮಾಡುವ ಕ್ರಮ:

1. ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ತೆರೆದು ಶೋ ಆಪ್ಷನ್ಸ್ ಒತ್ತಿ. ಡಿಸ್‌ಪ್ಲೇ ಟ್ಯಾಬಿನಲ್ಲಿ ಜಾರುಪಟ್ಟಿಯನ್ನು ಫುಲ್ ಸ್ಕ್ರೀನಿನಿಂದ ಎಳೆದು ಬೇಕಾದ ಅಳತೆಗೆ ನಿಲ್ಲಿಸಿ.

2. ಜನರಲ್ ಟ್ಯಾಬಿನಲ್ಲಿ ಸೇವ್ ಆಸ್ ಕೊಟ್ಟು ಡೆಸ್ಕ್‌ಟಾಪಿನಲ್ಲಿ ಒಂದು ಫೈಲು ಉಳಿಸಿ.

3. ಸಂಪರ್ಕಿಸಿ, ಕಿಟಕಿಯ ಎಡ ಮೂಲೆಯ ಚಿಕ್ಕ ಐಕಾನಿನ ಮೇಲೆ ಒತ್ತಿ, ಬರುವ ಪಟ್ಟಿಯಲ್ಲಿ ಸ್ಮಾರ್ಟ್ ಸೈಜಿಂಗಿಗೆ ಟಿಕ್ ಹಾಕಿ.

4. ಕಂಟ್ರೋಲ್, ಆಲ್ಟ್, ಬ್ರೇಕ್ ಮೂರನ್ನೂ ಒಟ್ಟಿಗೆ ಒತ್ತಿ ಪೂರ್ತಿ ಪರದೆಗೆ ಹೋಗಿ.

ಸ್ಮಾರ್ಟ್ ಸೈಜಿಂಗ್ ಇಲ್ಲದೆ ಪೂರ್ತಿ ಪರದೆಗೆ ಹೋದರೆ ಸುತ್ತಲೂ ಕಪ್ಪು ಅಂಚು, ನಡುವೆ ಅಂಚೆ ಚೀಟಿಯಷ್ಟು ಡೆಸ್ಕ್‌ಟಾಪ್. ಪ್ರತಿ ಸಲ ಟಿಕ್ ಹಾಕುವುದು ಬೇಡವೆಂದರೆ ಉಳಿಸಿದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸ್ಮಾರ್ಟ್ ಸೈಜಿಂಗ್ ಎಂದು ಶುರುವಾಗುವ ಸಾಲಿನ ಕೊನೆಯ 0 ಇದ್ದದ್ದನ್ನು 1 ಮಾಡಿ; ಜಾರುಪಟ್ಟಿಯಲ್ಲಿ ಇಲ್ಲದ ಅಳತೆ ಬೇಕಾದರೆ ಡೆಸ್ಕ್‌ಟಾಪ್ ವಿಡ್ತ್, ಡೆಸ್ಕ್‌ಟಾಪ್ ಹೈಟ್ ಸಾಲುಗಳ ಅಂಕಿಯನ್ನೂ ಅಲ್ಲೇ ತಿದ್ದಬಹುದು. ಹೆಸರು ಕೊಡದೆ ಉಳಿಸಿದ್ದು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಡಿಫಾಲ್ಟ್ ಎಂಬ ಅಡಗಿದ ಫೈಲಾಗಿ ಕೂತಿರುತ್ತದೆ, ಹುಡುಕುವುದು ರಗಳೆ.

ಒಂದು ಪ್ರೋಗ್ರಾಂ ಮಾತ್ರ ಮಂಜು

ಡಿಪಿಐ ಅಂದರೆ ಮೇಲೆ ಹೇಳಿದ ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ. ಆಚೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಡೀಟೇಲ್ಸ್ ಟ್ಯಾಬಿಗೆ ಹೋಗಿ, ಕಾಲಮ್ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್‌ನಲ್ಲಿ ಡಿಪಿಐ ಅವೇರ್‌ನೆಸ್ ಎಂಬುದಕ್ಕೆ ಟಿಕ್ ಹಾಕಿ. ಬಹಳ ಜನರಿಗೆ ಗೊತ್ತಿಲ್ಲದ ಕಾಲಮ್ ಇದು, ರೋಗದ ಹೆಸರನ್ನೇ ಹೇಳಿಬಿಡುತ್ತದೆ. ಅನ್‌ಅವೇರ್ ಎಂದಿದ್ದರೆ ಪ್ರೋಗ್ರಾಮಿಗೆ 96ರ ಹೊರತು ಬೇರೆ ಲೋಕವೇ ಗೊತ್ತಿಲ್ಲ. ವಿಂಡೋಸ್ ಅದನ್ನು ಎಳೆದೇ ತೋರಿಸುತ್ತದೆ. ಸಿಸ್ಟಮ್ ಎಂದಿದ್ದರೆ ಸೈನ್ ಇನ್ ಆದಾಗಿನ ಸ್ಕೇಲಿಗೆ ಮಾತ್ರ ಸರಿ; ಮೇಲೆ ಹೇಳಿದ ಸೈನ್ ಔಟ್ ಮದ್ದು ಇದಕ್ಕೆ ಸಾಕು. ಪರ್ ಮಾನಿಟರ್ ಎಂದಿದ್ದೂ ಮಂಜಾಗಿದ್ದರೆ ನಿಮ್ಮ ದೋಷ ಬೇರೆ ಕಡೆ ಇದೆ, ಸ್ಕ್ರೀನ್‌ಶಾಟ್ ಪರೀಕ್ಷೆ ಮತ್ತೆ ಮಾಡಿ.

ಅನ್‌ಅವೇರ್ ಪ್ರೋಗ್ರಾಮಿಗೆ: ಅದರ ಐಕಾನಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬು, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗಿನ ಓವರ್‌ರೈಡ್ ಚೌಕಕ್ಕೆ ಟಿಕ್ ಹಾಕಿ ಮೂರರಲ್ಲಿ ಒಂದನ್ನು ಆರಿಸಬೇಕು. ಮೊದಲು ಸಿಸ್ಟಮ್ ಎನ್‌ಹ್ಯಾನ್ಸ್ಡ್ ಪ್ರಯತ್ನಿಸಿ. ಜಿಡಿಐ (ಪರದೆಯ ಮೇಲೆ ಬರೆಯುವ ವಿಂಡೋಸಿನ ಹಳೆಯ ವ್ಯವಸ್ಥೆ) ಬಳಸಿ ಬರೆದ ಹಳೆಯ ಲೆಕ್ಕದ, ಬಿಲ್ಲಿಂಗಿನ ಪ್ರೋಗ್ರಾಂಗಳಲ್ಲಿ ಅಕ್ಷರ ಚೂಪಾಗುತ್ತದೆ, ಚಿತ್ರಗಳು ಮಾತ್ರ ಮಸುಕಾಗಿ ಉಳಿಯುತ್ತವೆ. ಬಟನ್ ಒಂದರ ಮೇಲೊಂದು ಏರಿ ಕೂತರೆ ಸಿಸ್ಟಮ್‌ಗೆ ಹಿಂತಿರುಗಿ. ಅಪ್ಲಿಕೇಷನ್ ಆರಿಸಿದರೆ ಎಳೆತ ಪೂರ್ತಿ ನಿಲ್ಲುತ್ತದೆ, ಚೂಪಾಗಿ ಸಣ್ಣದಾಗುತ್ತದೆ. ಒಳಗೇ ಫಾಂಟ್ ದೊಡ್ಡದು ಮಾಡುವ ಸೌಲಭ್ಯ ಇರುವ ಪ್ರೋಗ್ರಾಮಿಗೆ ಇದೇ ವಾಸಿ. ಪ್ರೋಗ್ರಾಮನ್ನು ಮುಚ್ಚಿ ತೆರೆದ ಮೇಲೆಯೇ ಫಲ ಕಾಣುತ್ತದೆ. ಹಲವರು ಬಳಸುವ ಸರ್ವರಿನಲ್ಲಿ ಈ ಬದಲಾವಣೆ ನಿಮ್ಮ ಲಾಗಿನ್ನಿಗೆ ಮಾತ್ರ ಅನ್ವಯ. ಎಲ್ಲರಿಗೂ ಬೇಕಾದರೆ ಅಡ್ಮಿನ್ ಅದೇ ಟ್ಯಾಬಿನ ಆಲ್ ಯೂಸರ್ಸ್ ಬಟನ್ ಮೂಲಕ ಮಾಡಬೇಕು.

ಎರಡು ಪರದೆ ಇಟ್ಟುಕೊಂಡವರಿಗೂ ಇಲ್ಲೇ ಒಂದು ಮಾತು. ಲ್ಯಾಪ್‌ಟಾಪ್ 200%, ಪಕ್ಕದ ಮಾನಿಟರ್ 100% ಇರುವಾಗ ‘ಸಿಸ್ಟಮ್’ ಜಾತಿಯ ಪ್ರೋಗ್ರಾಂಗಳು ಪ್ರೈಮರಿ ಪರದೆಯ ಸ್ಕೇಲನ್ನೇ ಹಿಡಿಯುತ್ತವೆ. ಹೆಚ್ಚು ಹೊತ್ತು ನೋಡುವ ಪರದೆಯನ್ನು ಸಂಪರ್ಕಕ್ಕೆ ಮೊದಲೇ ಪ್ರೈಮರಿ ಮಾಡಿ.

ಎನಿಡೆಸ್ಕ್, ಟೀಮ್‌ವ್ಯೂವರ್ ಬಳಗ

ವಿಂಡೋಸ್ ಹೋಮ್ ಆವೃತ್ತಿಗೆ ಮೈಕ್ರೋಸಾಫ್ಟಿನ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹೊರಗಿನಿಂದ ಬರಲಾಗದು, ಹಾಗಾಗಿ ಸಣ್ಣ ಆಫೀಸುಗಳು ಬೇರೆ ಕಂಪನಿಗಳ ಈ ರಿಮೋಟ್ ತಂತ್ರಾಂಶಗಳನ್ನು ಹಾಕಿಕೊಂಡಿರುತ್ತವೆ. ಇವುಗಳ ಬಗೆಯೇ ಬೇರೆ. ಹೊಸ ಸೆಷನ್ ಹುಟ್ಟುವುದಿಲ್ಲ. ಆಚೆಯ ಮೇಜಿನ ಮೇಲಿನ ಮಾನಿಟರಿನಲ್ಲಿ ಏನಿದೆಯೋ ಅದರ ಪಡಿಯಚ್ಚು ಬರುತ್ತದೆ. ಆಚೆ 1366×768ರ ಮಾನಿಟರ್ ಇದ್ದರೆ ಬರುವುದು ಸುಮಾರು 10.5 ಲಕ್ಷ ಪಿಕ್ಸೆಲ್. 4ಕೆ ಪರದೆಯಲ್ಲಿ 83 ಲಕ್ಷ ಉಂಟು. ಉಳಿದದ್ದನ್ನು ಯಾರೂ ಹುಟ್ಟಿಸಿ ಕೊಡಲಾರರು.

ವ್ಯೂ ಮೆನುವಿನಲ್ಲಿ ಒರಿಜಿನಲ್ ಸೈಜ್ ಹಾಕಿದರೆ ಚೂಪು, ಆದರೆ ಪರದೆಯ ಮೂರನೇ ಒಂದಕ್ಕಿಂತ ತುಸು ಹೆಚ್ಚು ಅಗಲದಲ್ಲಿ ಮುದುಡಿ ಕೂರುತ್ತದೆ. ಸ್ಟ್ರೆಚ್ ಅಥವಾ ಸ್ಕೇಲ್ಡ್ ಹಾಕಿದರೆ 2.8 ಪಟ್ಟಿನ ಎಳೆತ. ಗುಣಮಟ್ಟವನ್ನು ವೇಗದಿಂದ ಬೆಸ್ಟ್ ಕ್ವಾಲಿಟಿಗೆ ಬದಲಿಸಿದರೆ ಸಂಕೋಚನದ ಕಲೆಗಳಾದರೂ ಹೋಗುತ್ತವೆ. ಆಚೆಯ ಮಾನಿಟರ್ 1920×1080 ತಾಳಿದರೆ ಅದಕ್ಕೆ ಏರಿಸಿಕೊಳ್ಳಿ. ಆಚೆಯ ಸ್ಕೇಲನ್ನು 125%ಕ್ಕೆ ಏರಿಸುವುದೂ ಒಂದು ದಾರಿ, ಆದರೆ ಅಲ್ಲಿ ಕೂತವರ ಪರದೆಯೂ ಬದಲಾಗುತ್ತದೆ; ಹೇಳದೆ ಮಾಡಿದರೆ ಬೈಗುಳ ಖಚಿತ.

ರಾತ್ರಿ ಸಂಪರ್ಕಿಸಿದರೆ ಮಾತ್ರ 1024×768 ಅಥವಾ 640×480 ಬರುತ್ತದೆ, ಹಗಲು ಸರಿ ಇರುತ್ತದೆ ಎಂಬ ದೂರಿದ್ದರೆ ಆಚೆ ಯಾರೋ ಮಾನಿಟರ್ ಆಫ್ ಮಾಡಿ ಮನೆಗೆ ಹೋಗುತ್ತಿದ್ದಾರೆ. ಡಿಸ್‌ಪ್ಲೇಪೋರ್ಟ್ ಕೇಬಲಿನಲ್ಲಿ ಮಾನಿಟರ್ ಆಫ್ ಮಾಡಿದರೆ ಅದನ್ನು ಕಿತ್ತೇ ಹಾಕಿದ್ದಾರೆಂದು ವಿಂಡೋಸ್ ತಿಳಿಯುವುದುಂಟು. ಎಚ್‌ಡಿಎಂಐ ಡಮ್ಮಿ ಪ್ಲಗ್ ಎಂಬ ಬೆರಳುದ್ದದ ತುಂಡನ್ನು ಆಚೆಯ ಕಂಪ್ಯೂಟರಿನ ಖಾಲಿ ಪೋರ್ಟಿಗೆ ಚುಚ್ಚಿ. ಮಾನಿಟರ್ ಇದೆಯೆಂದು ಅದು ನಂಬಿಸುತ್ತದೆ. ಕೊಳ್ಳುವಾಗ 1920×1080 ಕೊಡುತ್ತದೆಯೇ ನೋಡಿಕೊಳ್ಳಿ.

ಈಚೆಯದ್ದು ಲಿನಕ್ಸ್ ಅಥವಾ ಮ್ಯಾಕ್ ಆದರೆ

ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರದ ಕೈಟ್ ಗ್ನೂ/ಲಿನಕ್ಸ್ ನಡೆಯುವುದರಿಂದ ಕಾಸರಗೋಡಿನ ಮೇಷ್ಟ್ರುಗಳ ಲ್ಯಾಪ್‌ಟಾಪಿನಲ್ಲಿ ಈ ಪ್ರಶ್ನೆ ಉಳಿದ ಕಡೆಗಿಂತ ಹೆಚ್ಚು. ಲಿನಕ್ಸಿನ ರಿಮೋಟ್ ತಂತ್ರಾಂಶವಾದ ರೆಮ್ಮಿನಾದಲ್ಲಿ ಸಂಪರ್ಕದ ರೆಸಲ್ಯೂಶನ್ನನ್ನು ಯೂಸ್ ಕ್ಲೈಂಟ್ ರೆಸಲ್ಯೂಶನ್‌ಗೆ ಹಾಕಿ, ಪ್ರಿಫರೆನ್ಸಸ್‌ನ ಆರ್‌ಡಿಪಿ ಟ್ಯಾಬಿನಲ್ಲಿ ಡೆಸ್ಕ್‌ಟಾಪ್ ಸ್ಕೇಲ್ ಫ್ಯಾಕ್ಟರ್ ಕೊಡಿ. ಇದು 100ರಿಂದ 500ರವರೆಗೆ. ಅದರ ಕೆಳಗಿನ ಡಿವೈಸ್ ಸ್ಕೇಲ್ ಫ್ಯಾಕ್ಟರಿಗೆ 100, 140, 180 ಮೂರೇ ಬೆಲೆ. ಅಲ್ಲಿ 150 ಹಾಕಿ ‘ಆಗುತ್ತಿಲ್ಲ’ ಎನ್ನುವವರು ಬಹಳ. ಸ್ಕೇಲ್ಡ್ ಮೋಡ್ ಬಟನ್ ಒತ್ತಿ ಇಟ್ಟಿದ್ದರೆ ಬಿಡಿಸಿ, ಅದು ಚಿತ್ರವನ್ನು ಎಳೆಯುವ ಬಟನ್. ಲಿನಕ್ಸಿನಲ್ಲೇ ಫ್ರಾಕ್ಷನಲ್ ಸ್ಕೇಲಿಂಗ್ ಹಾಕಿ 125% ಇಟ್ಟಿದ್ದು, ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯ ಮೇಲೆ ಹಳೆಯ ಎಕ್ಸ್11 ವ್ಯವಸ್ಥೆಯ ಪ್ರೋಗ್ರಾಂ ಓಡಿಸಿದರೆ ರಿಮೋಟ್ ಇಲ್ಲದೆಯೂ ಮಂಜಾಗುತ್ತದೆ. ಒಮ್ಮೆ 100%ಕ್ಕೆ ಇಳಿಸಿ ನೋಡಿದರೆ ಗೊತ್ತಾಗುತ್ತದೆ.

ಮ್ಯಾಕಿನಲ್ಲಿ ಮೈಕ್ರೋಸಾಫ್ಟ್ ರಿಮೋಟ್ ಡೆಸ್ಕ್‌ಟಾಪ್ ಎಂದಿದ್ದದ್ದು 2024ರ ಸೆಪ್ಟೆಂಬರಿನಿಂದ ವಿಂಡೋಸ್ ಆಪ್ ಎಂಬ ಹೆಸರಲ್ಲಿದೆ. ಸಂಪರ್ಕವನ್ನು ಎಡಿಟ್ ಮಾಡಿ ಡಿಸ್‌ಪ್ಲೇ ಟ್ಯಾಬಿನಲ್ಲಿ ಆಪ್ಟಿಮೈಜ್ ಫಾರ್ ರೆಟಿನಾ ಡಿಸ್‌ಪ್ಲೇಸ್ ಎಂಬುದಕ್ಕೆ ಟಿಕ್ ಹಾಕಿದರೆ ಸಾಮಾನ್ಯವಾಗಿ ಮುಗಿಯಿತು. ಪಿಕ್ಸೆಲ್ ನಾಲ್ಕು ಪಟ್ಟಾಗುವುದರಿಂದ ಹಾಟ್‌ಸ್ಪಾಟಿನಲ್ಲಿ ಎಳೆದಾಡುತ್ತದೆ, ಆಗ ತೆಗೆಯಿರಿ.

ಲ್ಯಾಪ್‌ಟಾಪ್ ಪರದೆಗೊಂದು, ಮೇಜಿನ ಮಾನಿಟರಿಗೊಂದು ಎಂದು ಎರಡು ರಿಮೋಟ್ ಫೈಲು ಉಳಿಸಿ, ಹೆಸರಿನಲ್ಲೇ ಅಳತೆ ಬರೆದಿಡಿ: ‘ಆಫೀಸು 1440×900’, ‘ಆಫೀಸು 1920×1080’. ಒಂದರಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸೈನ್ ಔಟ್.